ಮಲಗಿರುವ ಮಗು

ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ, ಅಮ್ನಾ ಮಂಚದ ಮೇಲೆ ಅರ್ಧ ಒರಗಿಕೊಂಡು ತನ್ನ ಹೊಟ್ಟೆಗೆ ತಾನೇ ಜೆಲ್ ಹಚ್ಚಿಕೊಂಡಳು. ‘ಸ್ವಲ್ಪ ತಣ್ಣಗಿರುತ್ತೆ’ ಎಂದು ದಿನವಿಡೀ ಇನ್ನೊಬ್ಬರಿಗೆ ಹೇಳುತ್ತಿದ್ದವಳಿಗೆ ಅದು ಇಷ್ಟೊಂದು ತಣ್ಣಗಿರುತ್ತದೆಂದು ಗೊತ್ತೇ ಇರಲಿಲ್ಲ. ಹೊರಗೆ ಬೆಂಚಿನ ಮೇಲೆ ಕೂತವರನ್ನು ಭಾನುಪ್ರಿಯಾ ಗದರುವುದು ಕೇಳುತ್ತಿತ್ತು. ಸ್ಕ್ಯಾನಿಂಗ್ ಸೆಂಟರಿನ ಮುಂದಿನ ಮೇಜು, ಫೋನು, ಕಾಯುವವರ ತಾಳ್ಮೆ ಮೂರನ್ನೂ ಆಳುವವಳು ಅವಳೇ. “ಡಾಕ್ಟ್ರು ತಿಂಡಿ ತಿಂತಾವ್ರೆ, ಸುಮ್ನೆ ಕುಂತ್ಕಳ್ರೀ. ಅವ್ರೂ ಎಂಟು ತಿಂಗಳ ಬಸುರಿ ಕಣ್ರೀ, ಮನ್ಸತ್ವ ಬೇಡ್ವಾ?” ಅಮ್ನಾಗೆ ನಾಚಿಕೆಯಾಯಿತು. ದಾಖಲೆ ಬರೆಯದೆ ಬಸುರಿಯ ಹೊಟ್ಟೆಯ ಮೇಲೆ ಈ ಯಂತ್ರ ಓಡಿಸುವುದು ಕಾನೂನಿಗೆ ತಪ್ಪು, ಆ ಹೊಟ್ಟೆ ಡಾಕ್ಟರದ್ದೇ ಆದರೂ. ಕಳೆದ ವಾರವಷ್ಟೇ ತನ್ನನ್ನು ನೋಡುವ ಲೇಡಿ ಡಾಕ್ಟರು ಎಲ್ಲ ಸರಿಯಾಗಿದೆ ಎಂದಿದ್ದರು. ಹಾಗಾದರೆ ಇವತ್ತು ಯಾಕೆ ಈ ಕಳ್ಳತನ? ಮಿಠಾಯಿ ಅಂಗಡಿಯವನು ಪಾಕಕ್ಕೆ ಬೆರಳದ್ದಿ ನೋಡುವ ಹಾಗೆ, ಅಷ್ಟೇ, ಎಂದು ಸಮಾಧಾನ ಹೇಳಿಕೊಂಡಳು. ಮಗುವಿನ ಎದೆ ಬಡಿಯುತ್ತಿತ್ತು. ಬೆಳವಣಿಗೆ ಕಡಿಮೆಯತ್ತ ವಾಲಿದರೂ ಲೆಕ್ಕದೊಳಗೇ ಇತ್ತು. ಹೊಕ್ಕುಳ ಬಳ್ಳಿಯ ರಕ್ತ ಸರಾಗವಾಗಿತ್ತು. ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಅವಳು ಬೆಂಗಳೂರಿನ ಸಂಶೋಧಕರು ಪರೀಕ್ಷೆಗೆಂದು ಕೊಟ್ಟ ಸಾಫ್ಟ್‌ವೇರಿನ ಗುಂಡಿ ಒತ್ತಿದಳು.

ತೆರೆಯ ಮೇಲೆ ಮಗುವಿಗೆ ರಕ್ತ ಉಣಿಸುವ ಅವಳ ಮಾಸು, ಬಣ್ಣ ತುಂಬಿಕೊಂಡು ಎದ್ದಿತು. ಮೇಲ್ಗಡೆ ಕೆಂಪು, ನಡುವೆ ಕಿತ್ತಳೆ, ಎಡಗಡೆ ಕೆಳಗೆ ಅಂಗೈಯಗಲ ನೀಲಿ. ಎರಡು ವರ್ಷದಿಂದ ಅವಳು ಈ ಬಣ್ಣಗಳನ್ನು ತೆಗೆದು ಬೆಂಗಳೂರಿಗೆ ಕಳಿಸುತ್ತಿದ್ದಾಳೆ. ತಾಯಿಯ ರಕ್ತ ಮಾಸಿನೊಳಗೆ ಚೆನ್ನಾಗಿ ಹರಿಯುವಲ್ಲಿ ಕೆಂಪು, ಕುಗ್ಗಿದಲ್ಲಿ ನೀಲಿ. ಆದರೆ ಈ ನೀಲಿಯಿಂದ ಮಗುವಿಗೆ ನಿಜಕ್ಕೂ ಕೇಡಿದೆಯೇ ಅಥವಾ ಅದು ಯಂತ್ರದ ಭ್ರಮೆಯೇ ಎಂಬುದು ಯಾರಿಗೂ ಗೊತ್ತಿಲ್ಲ. ಅದನ್ನು ತಿಳಿಯುವುದಕ್ಕೇ ಈ ಸಂಶೋಧನೆ. ತಿಳಿಯುವ ತನಕ ಚಿತ್ರದಲ್ಲಿ ಕಂಡದ್ದನ್ನು ಬಸುರಿಗೂ ಹೇಳಬಾರದು, ಅವಳ ಡಾಕ್ಟರಿಗೂ ಹೇಳಬಾರದು. ಹೆರಿಗೆ ಏನಾಯಿತೆಂಬುದನ್ನು ಅಮ್ನಾಗೂ ಯಾರೂ ಹೇಳುವುದಿಲ್ಲ. ಎರಡನ್ನೂ ಬೆಂಗಳೂರಿನಲ್ಲಿ ಇನ್ಯಾರೋ ಕೂತು ತಾಳೆ ನೋಡುತ್ತಾರೆ. ಸರಿಯಾದ ಪದ್ಧತಿಯೇ. ಅವಳೇ ಎಷ್ಟೋ ಜನಕ್ಕೆ ವಿವರಿಸಿ ಒಪ್ಪಿಸಿದ್ದಾಳೆ. ಆದರೆ ಪದ್ಧತಿ ಕಣ್ಣಿಗೆ ಪಟ್ಟಿ ಕಟ್ಟಬಹುದು, ಕಂಡದ್ದನ್ನು ಮರೆಸುವುದಿಲ್ಲ. ಊರೊಳಗೆ ನಡೆಯುವಾಗ, ಎಪಿಎಂಸಿ ಮುಂದೆ ಕೊಬ್ಬರಿ ಮೂಟೆಗಳ ಮಧ್ಯೆ, ಸ್ಟೇಷನ್ನಿನ ಮೇಲ್ಸೇತುವೆಯ ಮೇಲೆ, ಎಲ್ಲಾದರೂ ತಾನು ಸ್ಕ್ಯಾನ್ ಮಾಡಿದ ಹೆಂಗಸು ಎದುರಾದರೆ ಅವಳ ಮುಖ ನೋಡುವ ಮೊದಲು ಕಂಕುಳು ನೋಡುತ್ತಾಳೆ. ಮಗುವಿದ್ದರೆ ಉಸಿರು ಬರುತ್ತದೆ. ಬರಿಗೈಲಿದ್ದರೆ, ಮಗು ಮನೆಯಲ್ಲಿ ಅಜ್ಜಿಯ ಹತ್ತಿರವಿರಬಹುದು ಎಂದುಕೊಂಡು ಇನ್ನೊಂದು ಬೀದಿಗೆ ತಿರುಗಿಕೊಳ್ಳುತ್ತಾಳೆ. ಗಂಡ ಅಫ್ಜಲ್, ಗ್ಯಾರೇಜಿನ ಎಣ್ಣೆ ಕೈ ಒರೆಸಿಕೊಳ್ಳುತ್ತ ಒಮ್ಮೆ ಕೇಳಿದ್ದ, “ನೀನು ಯಾಕೆ ಯಾವಾಗಲೂ ಬೇರೆಯವರ ಮಕ್ಕಳನ್ನ ಎಣಿಸ್ತಿರ್ತೀಯ?”

ಈ ನೀಲಿಯನ್ನು ಅವಳು ಮೊದಲೇ ಕಂಡಿದ್ದಳು. ಹುಡುಕಬೇಕಾಗಲಿಲ್ಲ, ಶೆಟ್ಟಿಕೆರೆಯ ಶಿಲ್ಪಳ ಚಿತ್ರ ತಾನಾಗಿಯೇ ಕಣ್ಣ ಮುಂದೆ ಬಂತು. ಕಳೆದ ಬೇಸಿಗೆ. ಹಸಿರು ಗಾಜಿನ ಬಳೆಯ ಹುಡುಗಿ, ಜೊತೆಗೆ ಅತ್ತೆ ರಾಮಲಕ್ಷ್ಮಮ್ಮ, ಅತ್ತೆಯ ಕೈಯಲ್ಲಿ ಡಾಕ್ಟರಿಗೆಂದು ತಂದ ಎಳನೀರು. ಆಗ ಶಿಲ್ಪಳಿಗೂ ಎಂಟನೇ ತಿಂಗಳು. “ಇದೇನ್ ಮೇಡಂ, ಹೋಳಿ ಹಬ್ಬದಂಗೆ ಬಣ್ಣ?” ಎಂದು ಕತ್ತೆತ್ತಿ ನೋಡಿದ್ದಳು. ಅಮ್ನಾ ತೆರೆಯನ್ನು ತನ್ನ ಕಡೆ ತಿರುಗಿಸಿಕೊಂಡಿದ್ದಳು. ಇದು ಬರೀ ಸಂಶೋಧನೆಗೆ, ನಿಮ್ಮದು ಎಲ್ಲಾ ಚೆನ್ನಾಗಿದೆ. ಸುಳ್ಳಲ್ಲ. ಮಾಮೂಲಿ ಸ್ಕ್ಯಾನಿನಲ್ಲಿ ಎಲ್ಲಾ ಚೆನ್ನಾಗಿಯೇ ಇತ್ತು. ಈಗ ತನ್ನ ಚಿತ್ರವನ್ನು ಒಂದು ಪಕ್ಕಕ್ಕಿಟ್ಟು ಶಿಲ್ಪಳದ್ದನ್ನು ಇನ್ನೊಂದು ಪಕ್ಕಕ್ಕೆ ತೆರೆದಳು. ಅದೇ ಎಡಗಡೆ, ಅದೇ ಅಂಗೈಯಗಲ, ಅದೇ ಹರಿದ ಅಂಚು. ಯಾವುದು ಯಾರದ್ದೆಂದು ಒಂದು ಗಳಿಗೆ ತಿಳಿಯಲಿಲ್ಲ. ಇನ್ನೊಬ್ಬಳ ಮಾಸು ತನ್ನೊಳಗೆ ಬಂದು ಕೂತಿದೆ ಎಂಬ ಅಸಹ್ಯವಾದ ಯೋಚನೆ ಬಂತು, ಬಂದದ್ದಕ್ಕೆ ತನ್ನ ಮೇಲೇ ಸಿಟ್ಟೂ ಬಂತು. ಟಿಶ್ಯೂ ಕಾಗದ ತೆಗೆದುಕೊಂಡು ಹೊಟ್ಟೆಯನ್ನು ಪಾತ್ರೆ ತಿಕ್ಕುವಂತೆ ಒರೆಸಿಕೊಂಡಳು.

ಸಂಶೋಧನೆಯ ಮುಖ್ಯಸ್ಥ ಸೂರ್ಯಪ್ರಕಾಶರಿಗೆ ಫೋನು ಮಾಡಿದಾಗ ತನ್ನದೆಂದು ಹೇಳುವ ಧೈರ್ಯವಾಗಲಿಲ್ಲ. “ಸುಮ್ಮನೆ ಕೇಳಿದೆ ಸರ್, ಮಾಮೂಲಿ ಸ್ಕ್ಯಾನ್ ಸರಿಯಿದ್ದು ನೀಲಿ ಇಷ್ಟೊಂದಿದ್ದರೆ...” ಆ ಕಡೆಯಿಂದ ನಗು ಕೇಳಿಸಿತು. “ನಾವು ನೀಲಿ ಅಂತ ಬಣ್ಣ ಕೊಟ್ಟಿದ್ದೀವಿ, ಅದಕ್ಕೆ ನೀಲಿ. ಹಸಿರು ಕೊಟ್ಟಿದ್ದರೆ ಹಸಿರು. ಕೆಟ್ಟದ್ದಿರಬಹುದು, ಏನೂ ಇಲ್ಲದೆಯೂ ಇರಬಹುದು ಅಮ್ನಾ. ಹೊಟ್ಟೆ ಬಿಗಿದ ಹೊತ್ತಲ್ಲಿ ತೆಗೆದ್ರೂ ಹಾಗೆ ಬರುತ್ತೆ.” ಅಡ್ಡಗೋಡೆಯ ಮೇಲೆ ದೀಪ ಇಡುವುದು ಅವರ ಸ್ವಭಾವವಲ್ಲ, ಈ ವಿದ್ಯೆ ಇರುವುದೇ ಸದ್ಯಕ್ಕೆ ಅಡ್ಡಗೋಡೆಯ ಮೇಲೆ. “ಶೆಟ್ಟಿಕೆರೆಯದೊಂದು ಕೇಸಿತ್ತಲ್ಲ ಸರ್, ಅವಳ ಹೆರಿಗೆ ಏನಾಯ್ತು?” ಎಂದು ಕೇಳಿಯೇಬಿಟ್ಟಳು. “ಅದನ್ನ ಹೇಳಿಬಿಟ್ಟರೆ ನಾಳೆಯಿಂದ ನೀವು ಚಿತ್ರ ನೋಡೋ ಕಣ್ಣೇ ಬೇರೆಯಾಗುತ್ತೆ. ಬೇಡ.” ಅವರು ಹೇಳಿದ್ದು ನ್ಯಾಯವೇ. ಫೋನಿಟ್ಟ ಮೇಲೆ ಅಮ್ನಾ ಗೋಡೆಯ ಮೇಲಿನ ನಗುವ ಮಗುವಿನ ಕ್ಯಾಲೆಂಡರು ನೋಡುತ್ತ ಕೂತಳು. ಲೇಡಿ ಡಾಕ್ಟರ ಹತ್ತಿರ ಹೋಗಿ ಏನೆಂದು ಹೇಳುವುದು? ನಂಬದಿದ್ದರೆ, ಡಾಕ್ಟರಾದವಳ ತಲೆಗೆ ಹೊಕ್ಕ ಹುಳ ಎಂದು ನಕ್ಕು ಕಳಿಸುತ್ತಾರೆ. ನಂಬಿಬಿಟ್ಟರೆ ಇನ್ನೂ ಕಷ್ಟ. ಶ್ವಾಸಕೋಶ ಬಲಿಯದ ಮಗುವನ್ನು ಕೊಯ್ದು ತೆಗೆಯುತ್ತಾರೆ, ಆಮೇಲೆ ನೀಲಿ ಬರೀ ಬಣ್ಣವಾಗಿತ್ತೆಂದು ತಿಳಿದರೆ? ಮಗುವನ್ನು ಒಳಗೇ ಬಿಟ್ಟರೂ ಕೊಲ್ಲುವವಳು ತಾನೇ, ಹೊರಗೆ ತೆಗೆಸಿದರೂ ತಾನೇ. ಶಿಲ್ಪಳ ಮಗು ಬದುಕಿದ್ದರೆ ಮಾತ್ರ ತಾನು ನಿದ್ದೆ ಮಾಡಬಹುದು. ಒಂದು ಮಗುವಿನಿಂದ ಏನೂ ಸಾಬೀತಾಗುವುದಿಲ್ಲ ಎಂದು ಓದಿದ ತಲೆ ಹೇಳಿತು. ಓದಿದ ತಲೆಯ ಮಾತನ್ನು ಬಸುರಿ ಕೇಳಲಿಲ್ಲ.

“ತಲೆನೋವು, ಮಧ್ಯಾಹ್ನದ ಮೇಲಿನವರಿಗೆ ನಾಳೆ ಬರೋಕೆ ಹೇಳು” ಎಂದಾಗ ಭಾನುಪ್ರಿಯಾ ಕಣ್ಣರಳಿಸಿದಳು. “ಅಫ್ಜಲಣ್ಣಂಗೆ ಫೋನ್ ಮಾಡ್ಲಾ ಮೇಡಂ?” ಬೇಡವೆಂದು ಅಮ್ನಾ ದುಪಟ್ಟಾ ತಲೆಗೆಳೆದುಕೊಂಡು ಶೆಟ್ಟಿಕೆರೆಯ ಮೇಲೆ ಹೋಗುವ ಚಿಕ್ಕನಾಯಕನಹಳ್ಳಿ ಬಸ್ಸು ಹತ್ತಿದಳು. ಅತ್ತೆ ರಹಮತುನ್ನೀಸಾ ಕಟ್ಟಿಕೊಟ್ಟ ಊಟದ ಡಬ್ಬಿ ಬ್ಯಾಗಿನಲ್ಲಿ ಇನ್ನೂ ಬೆಚ್ಚಗಿತ್ತು. ಎದ್ದು ಸೀಟು ಕೊಟ್ಟ ಮುದುಕ ಎಷ್ಟನೇ ತಿಂಗಳವ್ವ ಎಂದ; ಎಂಟು ಎಂದಳು; ಏಳಕ್ಕೆ ಹುಟ್ಟಿದೋವು ಬದುಕ್ತವೆ, ಎಂಟಕ್ಕೆ ಹುಟ್ಟಿದೋವು ಉಳಿಯಾಕಿಲ್ಲ ಅಂತಿದ್ರು ನಮ್ಮವ್ವ ಎಂದು ಅವನು ಲೋಕಾಭಿರಾಮವಾಗಿ ಹೇಳಿ ಕಿಟಕಿಯಾಚೆ ಉಗುಳಿದ. ಅದು ಮೂಢನಂಬಿಕೆ ಎಂದು ಅವಳು ತರಗತಿಯಲ್ಲಿ ಓದಿದ್ದಳು, ನರ್ಸುಗಳಿಗೆ ಪಾಠ ಹೇಳಿದ್ದಳು. ಈಗ ಕಿವಿಗೆ ಕಾದ ಎಣ್ಣೆ ಬಿದ್ದಂತಾಯಿತು. ದಾರಿಯ ಎರಡೂ ಕಡೆ ತೆಂಗು, ತೆಂಗಿನ ಹಿಂದೆ ತೆಂಗು. ಬಿಸಿಲು ಗರಿಗಳಲ್ಲಿ ತುಂಡಾಗಿ ಅವಳ ಮಡಿಲ ಮೇಲೆ ಬಿದ್ದು ಸರಿಯುತ್ತಿತ್ತು, ಬೆಳಕು, ನೆರಳು, ಬೆಳಕು. ಆ ನೆರಳು ತನ್ನ ಹೊಟ್ಟೆಯ ಎಡಗಡೆಗೆ ಬಂದಾಗೆಲ್ಲ ಅವಳು ಕೈ ಅಡ್ಡ ಹಿಡಿಯುತ್ತಿದ್ದಳು. ಶಿಲ್ಪ ಬಾಗಿಲಲ್ಲೇ ಮಗು ಎತ್ತಿಕೊಂಡು ನಿಂತಿರುತ್ತಾಳೆ, ‘ಇದೇನ್ ಮೇಡಂ ಇಲ್ಲಿ?’ ಎನ್ನುತ್ತಾಳೆ, ಈ ಕಡೆ ಬಂದಿದ್ದೆ ಎಂದು ನಾನು ಹೇಳುತ್ತೇನೆ, ಮಗುವಿನ ಕೆನ್ನೆ ಮುಟ್ಟಿ, ಮುಂದಿನ ಬಸ್ಸಿಗೇ ಹಿಂದಿರುಗುತ್ತೇನೆ. ಇದನ್ನೇ ಮತ್ತೆ ಮತ್ತೆ ನಡೆಸಿ ನೋಡಿಕೊಂಡಳು. ಪ್ರತಿ ಸಲವೂ ಮಗುವಿಗೆ ಮುಖವಿರಲಿಲ್ಲ.

ಮನೆ ತೋರಿಸಲು ಊರಲ್ಲಿ ಯಾರೂ ತಡಮಾಡಲಿಲ್ಲ. ರಾಮಲಕ್ಷ್ಮಮ್ಮ ಜಗುಲಿಯ ಮೇಲೆ ಗರಿ ಸೀಳಿ ಪೊರಕೆಗೆ ಕಡ್ಡಿ ತೆಗೆಯುತ್ತ ಕೂತಿದ್ದರು. ಅಮ್ನಾಳನ್ನು ಕಂಡದ್ದೇ ಕತ್ತಿ ಕೆಳಗಿಟ್ಟು ಎದ್ದರು. ಅವರ ಕಣ್ಣು ಮೊದಲು ಅವಳ ಹೊಟ್ಟೆಯ ಮೇಲೆ ನಿಂತಿತು, ಆಮೇಲೆ ಮುಖಕ್ಕೆ ಬಂತು. “ಅಯ್ಯೋ ನಮ್ಮವ್ವ, ಡಾಕ್ಟ್ರಮ್ಮ! ಈ ಬಿಸ್ಲಲ್ಲಿ, ಈ ಹೊಟ್ಟೇಲಿ! ಬನ್ನಿ, ಒಳೀಕೆ ಬನ್ನಿ.” ಅಮ್ನಾ ಅಂಗಳದಲ್ಲಿ ನಿಂತೇ ಹಗ್ಗದ ಮೇಲೆ ಒಣಹಾಕಿದ ಬಟ್ಟೆಗಳನ್ನು ನೋಡಿದಳು. ಎರಡು ಸೀರೆ, ಒಂದು ಪಂಚೆ, ಗೊಬ್ಬರದ ಚೀಲ ಕತ್ತರಿಸಿ ಹೊಲಿದ ಒಂದು ಹಾಸು. ಎಳೆಯ ಮಗುವಿನ ಬಟ್ಟೆ ಒಂದೂ ಕಾಣಲಿಲ್ಲ. ಬೆಳಗ್ಗೆಯೇ ಒಗೆದು ಮಡಿಸಿಟ್ಟಿರಬಹುದು. ಒಳಗೆ ತೊಟ್ಟಿಲೂ ಇರಲಿಲ್ಲ, ತೊಲೆಗೆ ಕಟ್ಟಿದ ಸೀರೆಯ ಜೋಲಿಯೂ ಇರಲಿಲ್ಲ. ಒಳಕೋಣೆಯ ಬಾಗಿಲು ಅರ್ಧ ಮುಚ್ಚಿತ್ತು. ತನ್ನ ದನಿ ತನಗೇ ಕೃತಕವಾಗಿ ಕೇಳಿಸುತ್ತಿದ್ದಂತೆ ಅವಳು ಕೇಳಿದಳು, “ಈ ಕಡೆ ಕೆಲಸ ಇತ್ತು ಅಮ್ಮ. ನಿಮ್ಮ ಶಿಲ್ಪ, ಮಗು... ಎಲ್ಲ ಹೇಗಿದ್ದಾರೆ ಅಂತ.”

ರಾಮಲಕ್ಷ್ಮಮ್ಮ ಚಾಪೆ ಬಿಡಿಸುತ್ತಿದ್ದರು. ಅದರ ಒಂದು ಮೂಲೆ ಮಡಿಸಿಕೊಂಡಿತ್ತು, ಅದನ್ನು ಅವಸರವಿಲ್ಲದೆ ಸರಿಮಾಡಿದರು. ಆಮೇಲೆ ತಲೆಯೆತ್ತಿ, ಬೆರಳನ್ನು ತುಟಿಗಿಟ್ಟು ಪಿಸುದನಿಯಲ್ಲಿ ಹೇಳಿದರು, “ಮೆಲ್ಲಗೆ ಮಾತಾಡವ್ವ. ಮಲಗೈತೆ ಮಗ. ಈಗ ತಾನೇ ಕಣ್ಣುಮುಚ್ತು.”

ಅಮ್ನಾ ಅಳು ಬಂದಂತಾಗಿ ಗೋಡೆಗೆ ಒರಗಿದಳು. ಅರ್ಥವಿಲ್ಲದ ಬಣ್ಣ! ಸೂರ್ಯಪ್ರಕಾಶರಿಗೆ ಕೈಮುಗಿಯಬೇಕೆನ್ನಿಸಿತು, ಭಾನುಪ್ರಿಯಾಗೆ ಹೊಸ ಸೀರೆ ತೆಗೆದುಕೊಡಬೇಕೆನ್ನಿಸಿತು. “ಒಂದು ಸಲ ನೋಡಲಾ?” ಎಂದಳು ತಾನೂ ಪಿಸುಗುಟ್ಟುತ್ತ. ಮಲಗಿರೋ ಮಗೀನ ನೋಡಬಾರ್ದು ಕಣವ್ವ, ಏಳ್ಲಿ, ಎತ್ಕಂಡು ಬಂದು ನಿಮ್ ಮಡ್ಲಿಗೇ ಹಾಕ್ತೀನಿ ಎಂದರು ರಾಮಲಕ್ಷ್ಮಮ್ಮ. ಹೌದು, ಹಾಗೆಂದು ಅವಳ ಅಮ್ಮಿಯೂ ಹೇಳುತ್ತಿದ್ದಳು. ಅವರು ಮಜ್ಜಿಗೆ ತಂದರು, ಹುರಿಗಡಲೆ ಬೆಲ್ಲ ತಂದರು. ಎಲ್ಲವನ್ನೂ ಸದ್ದಾಗದಂತೆ ಇಟ್ಟರು. ಲೋಟ ನೆಲಕ್ಕೆ ತಾಗಿ ಟಣ್ಣೆಂದಾಗ ಒಳಕೋಣೆಯ ಕಡೆ ತಿರುಗಿ ನೋಡಿದರು. ಅಮ್ನಾ ಕೂಡ ನೋಡಿದಳು. ಗಂಡೋ ಹೆಣ್ಣೋ ಎಂದು ಕೇಳಿದಳು. ಮೊದಲೇ ಗೊತ್ತಿದ್ದವಳು, ಈಗ ಕೇಳುವ ಹಕ್ಕು ಬಂದ ಖುಷಿಗೆ ಕೇಳಿದಳು. “ಗಂಡು. ಥೇಟು ನನ್ ಮಗನ್ನೇ ಹೋಲ್ತಿತ್ತು” ಎಂದವರು ತಡೆದು, “ಹೋಲ್ತೈತೆ” ಎಂದರು. ಅಟ್ಟದ ಮೇಲೆ ಏನೋ ಉರುಳಿತು. ಬೆಚ್ಚಿ ಮಗು ಎದ್ದಿತೆಂದು ಅಮ್ನಾ ನೆಟ್ಟಗೆ ಕೂತಳು. “ಇಲಿ ಕಣವ್ವ. ಕೊಬ್ಬರಿಗೆ ಬಿಟ್ಟಿರೋ ಕಾಯಿ ಅವೆ ಮ್ಯಾಲೆ.” ತಲೆಯ ಮೇಲೆ, ಹಲಗೆಯಾಚೆ, ಕತ್ತಲಲ್ಲಿ ನೂರಾರು ಕಾಯಿಗಳು ತಮ್ಮೊಳಗಿನ ನೀರು ಇಂಗಿಸಿಕೊಳ್ಳುತ್ತ ತಿಂಗಳುಗಟ್ಟಲೆ ಸುಮ್ಮನೆ ಬಿದ್ದಿವೆ ಎಂಬುದು ಈ ಸೀಮೆಯಲ್ಲಿ ಹುಟ್ಟಿದ ಅವಳಿಗೆ ಹೊಸದಲ್ಲ. ಇವತ್ತು ಮಾತ್ರ ಅದರ ಕೆಳಗೆ ಕೂರಲು ಭಯವಾಯಿತು. ಎಷ್ಟು ಹೊತ್ತಾಯಿತು? ನಾಲ್ಕು ತಿಂಗಳ ಮಗು ಇಷ್ಟು ಹೊತ್ತು ಮಿಸುಕದೆ ಮಲಗುತ್ತದೆಯೇ? ಹಾಲಿನ ವಾಸನೆಯಿಲ್ಲ, ಬಜೆಯ ವಾಸನೆಯಿಲ್ಲ, ಸಾಂಬ್ರಾಣಿಯಿಲ್ಲ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ, ತನ್ನದು ಸುಮ್ಮನೆ ಅನುಮಾನ ಎಂದುಕೊಂಡು ಅವಳು ಕಿವಿಯನ್ನೆಲ್ಲ ಆ ಅರ್ಧ ಬಾಗಿಲಿಗೆ ಕೊಟ್ಟು ಕೂತಳು. ಒಂದು ಉಸಿರು, ಒಂದು ಮುಲುಕು ಸಾಕಿತ್ತು. ರಾಮಲಕ್ಷ್ಮಮ್ಮ ತಗ್ಗಿದ ದನಿಯಲ್ಲಿ ಮಳೆಯ ಬಗ್ಗೆ, ನುಸಿ ಬಿದ್ದ ತೆಂಗಿನ ಬಗ್ಗೆ ಮಾತಾಡುತ್ತಲೇ ಇದ್ದರು.

ಆಗ ಹಿತ್ತಲ ಬಾಗಿಲಿಂದ ಶಿಲ್ಪ ಬಂದಳು. ತೋಟದಿಂದ ಹುಲ್ಲಿನ ಹೊರೆ ತಂದು ಇಳಿಸಿ, ಸೆರಗಿನಲ್ಲಿ ಕತ್ತು ಒರೆಸಿಕೊಳ್ಳುತ್ತಿದ್ದಳು. “ಯಾರ್ ಬಂದಿರಾದು ಅತ್ತೆ?” ಎಂದು ಗಟ್ಟಿಯಾಗಿಯೇ ಕೇಳಿದಳು. ರಾಮಲಕ್ಷ್ಮಮ್ಮ ಅವಳನ್ನೇ ದಿಟ್ಟಿಸುತ್ತ, “ಮೆಲ್ಲಗೆ ಕಣೇ. ಡಾಕ್ಟ್ರಮ್ಮ ಬಂದವ್ರೆ, ತುಂಬಿದ ಬಸುರಿ. ಮಗ ಮಲಗೈತೆ ಅಂದೆ” ಎಂದರು. ಶಿಲ್ಪ ನಿಂತಲ್ಲೇ ನಿಂತಳು. ಅತ್ತೆಯ ಮುಖ ನೋಡಿದಳು, ಅಮ್ನಾಳ ಹೊಟ್ಟೆ ನೋಡಿದಳು, ಅರ್ಧ ಮುಚ್ಚಿದ ಬಾಗಿಲು ನೋಡಿದಳು. ಆಮೇಲೆ ದನಿ ತಗ್ಗಿಸಿ, “ಹೂಂ, ಈಗ್ಲೇ ಎದ್ದುಬುಟ್ರೆ ಕಷ್ಟ” ಎಂದಳು.

ಆ ಇಬ್ಬರು ಹೆಂಗಸರು ತನ್ನ ಮುಂದೆ ಇಲ್ಲದ ಮಗುವನ್ನು ಮಲಗಿಸಿಕೊಂಡು ಕೂತಿದ್ದಾರೆ ಎಂಬುದು ಅಮ್ನಾಳಿಗೆ ಆಗ ಅನುಮಾನವಿಲ್ಲದೆ ತಿಳಿಯಿತು. ಬಸುರಿಯ ಕಿವಿಗೆ ಸಾವಿನ ಸುದ್ದಿ ಹಾಕಬಾರದು. ಈ ಕಡೆಯವರು ಸ್ವಂತ ಅಣ್ಣ ಸತ್ತರೂ ಬಸುರಿಗೆ ಊರಿಗೆ ಹೋಗಿದ್ದಾನೆ ಎನ್ನುತ್ತಾರೆ. ಅವಳ ಮನೆಯಲ್ಲೂ ಅಷ್ಟೇ. ತನ್ನನ್ನು ಕಾಪಾಡುವುದಕ್ಕಾಗಿ ಈ ತಾಯಿ ತನ್ನ ಸತ್ತ ಮಗುವಿಗೆ ಉಸಿರು ಕೊಟ್ಟು ನಿಂತಿದ್ದಾಳೆ. ಎದ್ದು ಹೋಗಬೇಕೆನ್ನಿಸಿತು. ರಾಮಲಕ್ಷ್ಮಮ್ಮ ಮೊರದಲ್ಲಿ ತೆಂಗಿನಕಾಯಿ, ಬಾಳೆಹಣ್ಣು, ರವಿಕೆ ಕಣ ತಂದು ಮುಂದೆ ಹಿಡಿದರು. “ನಿಮ್ಮೋರು ಕುಂಕುಮ ಇಟ್ಕಳಾಕಿಲ್ಲ, ಗೊತ್ತು ಕಣವ್ವ. ಕಾಯಿಗೆ ಹಣ್ಣಿಗೆ ಏನ್ ಜಾತಿ? ಬರಿ ಮಡ್ಲಲ್ಲಿ ಬಸುರೀನ ಕಳಿಸಬಾರ್ದು. ಸುಸೂತ್ರವಾಗಿ ಎರಡು ಜೀವ ಆಗವ್ವ.” ಅಮ್ನಾ ದುಪಟ್ಟಾ ಒಡ್ಡಿದಳು. ಒಂದು ಹಣ್ಣು ಜಾರಿ ಉರುಳಿತು. ಅದನ್ನು ಶಿಲ್ಪ ಎತ್ತಿ ಮತ್ತೆ ಮಡಿಲಿಗಿಟ್ಟು, “ಬನ್ನಿ ಮೇಡಂ, ಬಸ್ಸಿನ ಹೊತ್ತಾಯ್ತು, ನಾನು ಬತ್ತೀನಿ” ಎಂದಳು.

ಬಸ್ಸು ನಿಲ್ಲುವ ಕಡೆ ಇಬ್ಬರೇ. ಎದುರಿನ ಅಂಗಡಿಯ ಶಟರು ಇಳಿದಿತ್ತು. ಶಿಲ್ಪ ರಸ್ತೆಯ ತಿರುವನ್ನೇ ನೋಡುತ್ತಿದ್ದಳು. ಈಗ ಬಾಯಿ ಬಿಡದಿದ್ದರೆ ಇವಳ ಸುಳ್ಳನ್ನು ಹೊತ್ತುಕೊಂಡು ಹೋಗಿ ಅದರ ಮೇಲೆ ತಲೆಯಿಟ್ಟು ಮಲಗಬಹುದು, ಅಷ್ಟು ಸುಲಭ. “ಶಿಲ್ಪ, ಮಗು ಇಲ್ಲ ಅಲ್ವಾ?” ಎಂದಳು ಅಮ್ನಾ.

“ಇದೇನ್ ಮಾತು ಅಂತ ಆಡ್ತೀರ? ಬಿಡ್ತು ಅನ್ನಿ ಮೇಡಂ. ಮಲಗೈತೆ ಅಂದ್ವಲ್ಲ.”

“ನನ್ನ ಹೊಟ್ಟೆ ನಾನೇ ಸ್ಕ್ಯಾನ್ ಮಾಡಿಕೊಂಡೆ, ಇವತ್ತು ಬೆಳಗ್ಗೆ. ನಿನ್ನದರಲ್ಲಿ ಕಂಡ ಹಾಗೇ ಇದೆ.”

ಶಿಲ್ಪ ನಿಧಾನವಾಗಿ ಈ ಕಡೆ ತಿರುಗಿದಳು. “ನನ್ನದ್ರಲ್ಲಿ ಕಂಡಂಗೆ ಅಂದ್ರೆ?”

ಕೇಳಿಸಿಕೊಂಡ ಮೇಲೆಯೇ ತಾನು ಏನು ಹೇಳಿದೆನೆಂದು ಅಮ್ನಾಳಿಗೆ ಗೊತ್ತಾದದ್ದು. ಹೋಗಲಿ, ವಿವರಿಸಬಹುದಿತ್ತು. ಖಚಿತವಲ್ಲದ ವಿದ್ಯೆ, ಒಪ್ಪಿಕೊಂಡ ನಿಯಮ, ಎಲ್ಲವೂ ನಾಲಗೆಯ ತುದಿಯಲ್ಲಿ ಸಾಲುಗಟ್ಟಿ ನಿಂತಿದ್ದವು, ಎಲ್ಲವೂ ನಿಜವೇ ಆಗಿದ್ದವು. “ಆ ಬಣ್ಣ ಕೇಳಿದೆಯಲ್ಲ. ಅದರಲ್ಲಿ ನೀಲಿ ಇತ್ತು. ಮಾಸಿಗೆ ರಕ್ತ ಸಾಲದಿದ್ದರೆ ಹಾಗೆ ಬರಬಹುದು. ಸುಮ್ಮನೆಯೂ ಬರಬಹುದು. ನನಗೆ ಗೊತ್ತಿರಲಿಲ್ಲ ಶಿಲ್ಪ, ಯಾರಿಗೂ ಗೊತ್ತಿಲ್ಲ, ಆದರೆ ಕಂಡಿತ್ತು.”

“ಅವತ್ತೇ ಕಂಡಿತ್ತು.”

“ಹೂಂ.”

ಶಿಲ್ಪ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತೆಂದು ಅಮ್ನಾ ಹೊಡೆತಕ್ಕೆ ಕಾಯುವವಳಂತೆ ನಿಂತಳು. “ಗ್ರಹಣದ ದಿನ ಈಳಿಗೆಮಣೆ ಮುಂದೆ ಕುಂತಿದ್ದೆ ನಾನು” ಎಂದಳು ಶಿಲ್ಪ, ಯಾರಿಗೋ ಹೇಳುವಂತೆ. “ಸೊಪ್ಪು ಹೆಚ್ಚಿದೆ. ಅದಕ್ಕೇ ಅಂತ ಊರೋರೆಲ್ಲ ಅಂದ್ರು, ಅತ್ತೆ ಒಬ್ರು ಬಾಯ್ಬಿಟ್ಟು ಅನ್ನಲಿಲ್ಲ. ನಾನೂ ಅದಕ್ಕೇ ಅಂದ್ಕಂಡು ಇಷ್ಟು ದಿನ ಈಳಿಗೆ ಮುಟ್ಟಿಲ್ಲ ಕಣ್ರೀ.” ದೂರದಲ್ಲಿ ಬಸ್ಸಿನ ಹಾರನ್ನು ಕೇಳಿಸಿತು. ಅವಳು ಇದ್ದಕ್ಕಿದ್ದಂತೆ ಒಂದು ಹೆಜ್ಜೆ ಮುಂದೆ ಬಂದಳು. “ನಿಮ್ದು ಆಡ್ತೈತಾ ಈಗ?”

ಅಮ್ನಾಳ ಕೈ ತನ್ನ ಹೊಟ್ಟೆಗೆ ಹೋಯಿತು. ಮಧ್ಯಾಹ್ನವಿಡೀ ಆ ಅರ್ಧ ಬಾಗಿಲಿಗೆ ಕಿವಿಕೊಟ್ಟು ಕೂತಿದ್ದವಳು ತನ್ನದನ್ನು ಗಮನಿಸಿಯೇ ಇರಲಿಲ್ಲ. ಬಸ್ಸಿನಲ್ಲಿ ಆಡಿತ್ತೇ? ಮಜ್ಜಿಗೆ ಕುಡಿದಾಗ? ನೆನಪಾಗಲಿಲ್ಲ. ಅವಳ ಮುಖ ನೋಡಿಯೇ ತಿಳಿದುಕೊಂಡ ಶಿಲ್ಪ, ಹುಲ್ಲಿನ ವಾಸನೆಯ ಕೈಯನ್ನು ಕೇಳದೆಯೇ ಅವಳ ಹೊಟ್ಟೆಯ ಮೇಲಿಟ್ಟಳು, ಇನ್ನೊಂದು ಕೈಯಿಂದ ಬೆನ್ನು ಹಿಡಿದುಕೊಂಡಳು. ಬಸ್ಸು ಬಂದು ನಿಂತು ಧೂಳು ಮೇಲೆದ್ದಿತು. ಹತ್ತೀರೇನ್ರಮ್ಮ, ಬೇಗ ಬೇಗ ಎಂದು ಕಂಡಕ್ಟರು ಬಾಗಿಲಿಗೆ ಬಡಿದ. “ನಿಲ್ಲಿಸ್ಕಳ್ರೀ!” ಎಂದು ಶಿಲ್ಪ ಕಿರುಚಿದ ರಭಸಕ್ಕೆ ಅವನು ಸುಮ್ಮನಾದ. ಅವಳು ಕಣ್ಣು ಮುಚ್ಚಿ, ಅಂಗೈಯನ್ನು ಬಲಕ್ಕೆ, ಕೆಳಕ್ಕೆ, ಎಡಕ್ಕೆ ಸರಿಸುತ್ತ ಹೋದಳು. ಅಮ್ನಾಳಿಗೆ ತನ್ನದೇ ಎದೆಬಡಿತ ಬಿಟ್ಟು ಬೇರೇನೂ ತಿಳಿಯುತ್ತಿರಲಿಲ್ಲ.

“ಐತೆ” ಎಂದಳು ಶಿಲ್ಪ. ಕಣ್ಣು ತೆರೆದಾಗ ಅವು ತುಂಬಿದ್ದವು, ಸಿಟ್ಟಿನಿಂದಲೋ ಏನೋ. “ಮೆತ್ತಗಾಡ್ತೈತೆ. ಆದ್ರೂ ಐತೆ. ಇಲ್ಲಿಂದ ಸೀದಾ ಆಸ್ಪತ್ರೆಗೆ ಹೋಗಿ, ಮನೇಗಲ್ಲ. ಕೊಯ್ತಾರೋ, ಬುಡ್ತಾರೋ, ಅವ್ರ್ ಕಣ್ಣ ಮುಂದೆ ಇರಿ. ನಂದು ಶನಿವಾರ ಆಡಾದು ಕಮ್ಮಿ ಆಯ್ತು. ಮೇಡಂ ಎಲ್ಲಾ ಚೆನ್ನಾಗೈತೆ ಅಂದವ್ರಲ್ಲ, ಸೋಮವಾರ ಹೋಗಾಣ ಬುಡು ಅಂದ್ಕಂಡೆ.”

ಅವಳು ಕೈ ತೆಗೆದುಕೊಂಡು, ಬಸ್ಸು ಹೊರಡುವುದನ್ನೂ ಕಾಯದೆ ಮನೆಯ ಕಡೆ ನಡೆದಳು.